ಕ್ಯಾಂಪರ್ ವ್ಯಾನಿನ ಬಾಗಿಲು, ಶಾಲಾ ವ್ಯಾನಿನ ಹಗ್ಗ

ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಚರ್ಚ್ ನೋಡಲು ಈಗೀಗ ಕ್ಯಾಂಪರ್ ವ್ಯಾನಿನವರೂ ಬರುತ್ತಾರೆ. ಟೆಂಪೋ ಟ್ರಾವೆಲರ್ ಒಳಗೇ ಹಾಸಿಗೆ, ಸಿಂಕು, ಗ್ಯಾಸ್ ಒಲೆ. ಹೋದ ತಿಂಗಳು ಅಂಥದ್ದೊಂದು ಗೊರೂರಿನ ಗ್ಯಾರೇಜ್ ಮುಂದೆ ನಿಂತಿತ್ತು. ಹತ್ತುವ ಬಾಗಿಲು ಕೂರುತ್ತಿರಲಿಲ್ಲ. ಬೆಂಗಳೂರಿನ ಯಜಮಾನರು ಧಡ್ ಧಡ್ ಎಂದು ಬಡಿಯುತ್ತಲೇ ಇದ್ದರು.

"ಬಡೀಬೇಡಿ ಸಾರ್, ಬಡಿದಷ್ಟೂ ಕೆಡ್ತದೆ. ಮೊದ್ಲು ಗಾಡೀನ ಮಟ್ಟಸ ಇರೋ ಜಾಗಕ್ಕೆ ತನ್ನಿ" ಎಂದರು ನಮ್ಮ ಮೆಕ್ಯಾನಿಕ್ ಅಣ್ಣ.

ಒಂದು ಚಕ್ರ ದಿಣ್ಣೆಯ ಮೇಲಿದ್ದರೆ ಬಾಡಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆಗ ಸರಿಮಾಡಿದ ಲಾಕ್ ರಸ್ತೆಗಿಳಿದ ಮೇಲೆ ಮತ್ತೆ ತಪ್ಪುತ್ತದೆ. ಆಮೇಲೆ ಅವರು ಬಾಗಿಲು ತೆರೆದು, ಹಿಡಿಕೆ ಹಿಡಿದು ಮೇಲಕ್ಕೆತ್ತಿ ನೋಡಿದರು. ಅಲುಗಾಡಿದ್ದರೆ ದೋಷ ಕೀಲಿನದು, ಲಾಕ್ ಮುಟ್ಟಿ ಪ್ರಯೋಜನವಿಲ್ಲ. ಅಲುಗಾಡಲಿಲ್ಲ. ಚೌಕಟ್ಟಿನಲ್ಲಿ ಲಾಕ್ ಕಚ್ಚಿಕೊಳ್ಳುವ ಕಬ್ಬಿಣದ ಕೊಂಡಿಯ ಸುತ್ತ ಪೆನ್ಸಿಲ್ ಗೆರೆ ಎಳೆದರು, ಎಷ್ಟು ಸರಿಸಿದೆವೆಂದು ಗೊತ್ತಾಗಲಿ ಅಂತ. ಎರಡು ಸ್ಕ್ರೂ ಸ್ವಲ್ಪವೇ ಸಡಿಲಿಸಿ, ಕೊಂಡಿಯನ್ನು ಒಂದೆರಡು ಮಿಲಿಮೀಟರ್ ಹೊರಕ್ಕೆ ಸರಿಸಿ ಬಿಗಿ ಮಾಡಿದರು. ರಬ್ಬರ್ ಬೀಡಿಂಗ್ ನಡುವೆ ಕಾಗದದ ಚೂರಿಟ್ಟು ಬಾಗಿಲು ಮುಚ್ಚಿ ಎಳೆದರು. ತುಸು ಹಿಡಿದುಕೊಂಡೇ ಈಚೆ ಬಂತು. ಅಷ್ಟಿದ್ದರೆ ಸಾಕು. ಗ್ರೀಸ್ ಹಚ್ಚಿದ್ದೂ ಸೇರಿ ಹತ್ತು ನಿಮಿಷದ ಕೆಲಸ.

ನನ್ನ ತಕರಾರು ಪ್ರವಾಸಿಗರ ಮೇಲಲ್ಲ. ಅದೇ ಗ್ಯಾರೇಜ್ ಮುಂದೆ ದಿನಾ ಹಾದುಹೋಗುವ ಓಮ್ನಿಯ ಮೇಲೆ. ನನ್ನ ಅಕ್ಕನ ಮಗಳು ಶಾಲೆಗೆ ಹೋಗುವುದು ಅದರಲ್ಲೇ. ಜಾರು ಬಾಗಿಲಿನ ಹಿಡಿಕೆಯಿಂದ ಸೀಟಿನ ಕಂಬಿಗೆ ಒಂದು ನೈಲಾನ್ ಹಗ್ಗ. ಕೇಳಿದರೆ "ಏನೂ ಆಗಲ್ಲ ಬಿಡಿ, ದೊಡ್ಡ ಹುಡುಗ ಹಿಡ್ಕೊಂಡಿರ್ತಾನೆ" ಅನ್ನುತ್ತಾರೆ ಡ್ರೈವರ್. ದೊಡ್ಡ ಹುಡುಗ ಅಂದರೆ ಆರನೇ ಕ್ಲಾಸು.

ವ್ಯಾನಿನ ಲಾಕ್ ಎರಡು ಹಂತದಲ್ಲಿ ಕಚ್ಚುತ್ತದೆ. ಮೊದಲ ಹಂತದಲ್ಲೇ ನಿಂತರೆ ಹೊರಗಿನಿಂದ ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ, ಆದರೆ ಗುಂಡಿಗಳಲ್ಲಿ ಗಡಗಡ ಅನ್ನುತ್ತದೆ. ಆ ಗಡಗಡಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು. ಈಗ ಓಡುತ್ತಿರುವವೆಲ್ಲ ಹಳೆಯವೇ, ಜಾರು ಬಾಗಿಲಿನ ರೋಲರ್ ಸವೆದವೇ ಹೆಚ್ಚು.

ನಿಯಮ ಇಲ್ಲವೆಂದಲ್ಲ. 1997ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಬಿದ್ದ ಮೇಲೆ ಸುಪ್ರೀಂ ಕೋರ್ಟ್ ಶಾಲಾ ವಾಹನಗಳಿಗೆ ಕಟ್ಟುಪಾಡು ಹಾಕಿತು. ಬಾಗಿಲಿಗೆ ನಂಬಿಕಸ್ಥ ಲಾಕ್ ಇರಬೇಕೆಂಬುದೂ ಶಾಲಾ ಬಸ್ಸಿನ ನಿಯಮಗಳಲ್ಲಿದೆ. ಆದರೆ ಎಂಟು ವರ್ಷ ದಾಟಿದ ಬಾಡಿಗೆ ವಾಹನಕ್ಕೂ ಎಫ್‌ಸಿ ವರ್ಷಕ್ಕೊಮ್ಮೆ. ನಮ್ಮ ಹಳ್ಳಿ ರಸ್ತೆಗಳಲ್ಲಿ ಸ್ಕ್ರೂ ಸಡಿಲವಾಗಲು ಒಂದು ತಿಂಗಳು ಸಾಕು. (ಬಿಳಿ ಬೋರ್ಡಿನಲ್ಲೇ ಮಕ್ಕಳನ್ನು ಸಾಗಿಸುವ ಗಾಡಿಗಳಿಗೆ ಆ ವರ್ಷದ ತಪಾಸಣೆಯೂ ಇಲ್ಲ, ಅದು ಬೇರೆ ಕತೆ.)

ಹಾಗಾಗಿ ಇದನ್ನು ಆರ್‌ಟಿಓ ತಲೆಗೆ ಕಟ್ಟಿ ಕೂರುವಂತಿಲ್ಲ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ಟರ್ ಎದುರಿಗೇ ಡ್ರೈವರ್ ಪ್ರತಿ ಬಾಗಿಲನ್ನೂ ಮುಚ್ಚಿ ಎಳೆದು ತೋರಿಸಲಿ. ವ್ಯಾನ್ ಫೀಸು ಕಟ್ಟುವ ನಾವೂ ಹೋಗಿ ನಿಲ್ಲೋಣ. ಹಗ್ಗ ಕಂಡ ಗಾಡಿಗೆ ಸೋಮವಾರ ಮಕ್ಕಳನ್ನು ಹತ್ತಿಸದಿರೋಣ.

ಅಕ್ಕ ಈ ಸೋಮವಾರ ಹತ್ತಿಸಲಿಲ್ಲ. ಭಾವ ಬೈಕಿನಲ್ಲಿ ಬಿಟ್ಟುಬಂದರು. ಬುಧವಾರ ಓಮ್ನಿ ಗ್ಯಾರೇಜ್ ಮುಂದೆ ನಿಂತಿತ್ತು, ಬಾಗಿಲು ಕಳಚಿ ಗೋಡೆಗೆ ಒರಗಿಸಿದ್ದರು.