ಎಳೆಯ ಫುಟ್‌ಬಾಲ್ ಆಟಗಾರರಿಗೆ ಪ್ಲೈಯೊಮೆಟ್ರಿಕ್ ತರಬೇತಿ ಕಡ್ಡಾಯವಾಗಬೇಕೇ?

ಪರ: ಜಿಗಿತವಿಲ್ಲದ ತರಬೇತಿ ಅಪೂರ್ಣ

ತೊಂಬತ್ತು ನಿಮಿಷಗಳ ಪಂದ್ಯದಲ್ಲಿ ಆಟಗಾರ 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾನೆಂಬ ಲೆಕ್ಕವನ್ನು ಹಿಡಿದು, ಎಳೆಯರನ್ನು ಮೈದಾನದ ಸುತ್ತ ಓಡಿಸುವುದೇ ದೈಹಿಕ ಸಿದ್ಧತೆ ಎಂದು ನಂಬುವ ರೂಢಿ ಇನ್ನೂ ಅಳಿದಿಲ್ಲ. ಆದರೆ ಪಂದ್ಯ ತಿರುಗುವುದು ಚೆಂಡಿನತ್ತ ಇಡುವ ಮೊದಲ ನಾಲ್ಕೈದು ಹೆಜ್ಜೆಗಳಲ್ಲಿ, ಕಾರ್ನರ್ ಕಿಕ್ ಬಂದಾಗ ಎದುರಾಳಿಗಿಂತ ಅರೆಕ್ಷಣ ಮೊದಲು ನೆಲ ಬಿಡುವ ಕಾಲುಗಳಲ್ಲಿ. ಜರ್ಮನಿಯ ಬುಂಡೆಸ್‌ಲಿಗಾದ 2007-08ರ ಋತುವಿನ 360 ಗೋಲುಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಗೋಲು ಹೊಡೆದವರು ಅದಕ್ಕೆ ಮುನ್ನ ಮಾಡಿದ ಚಲನೆಗಳ ಪೈಕಿ ನೇರ ವೇಗದ ಓಟವೇ ಶೇ 45ರಷ್ಟು ಗೋಲುಗಳಲ್ಲಿ ಕಂಡುಬಂದು ಎಲ್ಲಕ್ಕಿಂತ ಮುಂದಿತ್ತು.

ಈ ಸ್ಫೋಟಕ ಶಕ್ತಿಯನ್ನು, ಅಂದರೆ ಅತ್ಯಲ್ಪ ಕಾಲದಲ್ಲಿ ಗರಿಷ್ಠ ಬಲವನ್ನು ಹೊಮ್ಮಿಸುವ ಸಾಮರ್ಥ್ಯವನ್ನು, ನೇರವಾಗಿ ಬೆಳೆಸುವ ವಿಧಾನವೇ ಪ್ಲೈಯೊಮೆಟ್ರಿಕ್ಸ್. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಯೂರಿ ವೆರ್ಖೊಶಾನ್ಸ್ಕಿ ಅವರು ಬೆಳೆಸಿದ ಡೆಪ್ತ್ ಜಂಪ್, ಅಂದರೆ ಪೆಟ್ಟಿಗೆಯ ಮೇಲಿಂದ ಇಳಿದು ಪಾದ ನೆಲ ಮುಟ್ಟಿದೊಡನೆ ಮೇಲಕ್ಕೆ ಚಿಮ್ಮುವ ಅಭ್ಯಾಸ, ಇದರ ಪ್ರಸಿದ್ಧ ಮಾದರಿ. ನೆಲಕ್ಕಿಳಿಯುವಾಗ ಹಿಗ್ಗುವ ಸ್ನಾಯುವೂ ಅದನ್ನು ಮೂಳೆಗೆ ಬೆಸೆಯುವ ಸ್ನಾಯುರಜ್ಜುವೂ ಸ್ಪ್ರಿಂಗಿನಂತೆ ಶಕ್ತಿಯನ್ನು ಹಿಡಿದಿಡುತ್ತವೆ. ಮರುಕ್ಷಣವೇ ಸ್ನಾಯು ಕುಗ್ಗಿದರೆ ಆ ಶಕ್ತಿ ಚಿಮ್ಮುವಿಕೆಗೆ ಸೇರುತ್ತದೆ, ತಡವಾದರೆ ಶಾಖವಾಗಿ ಸೋರಿಹೋಗುತ್ತದೆ. ಆದುದರಿಂದ ಪಾದವು ಸೆಕೆಂಡಿನ ಕಾಲು ಭಾಗಕ್ಕಿಂತ ಕಡಿಮೆ ಹೊತ್ತು ನೆಲದ ಮೇಲಿರುವಂತೆ ನರಗಳನ್ನೂ ಸ್ನಾಯುಗಳನ್ನೂ ಒಟ್ಟಾಗಿ ಪಳಗಿಸುವುದೇ ಈ ತರಬೇತಿಯ ತಿರುಳು. ಇದೇ ಗುಣ ವೇಗದ ಓಟದ ಪ್ರತಿ ಹೆಜ್ಜೆಯಲ್ಲೂ, ಓಡುತ್ತಲೇ ದಿಕ್ಕು ಬದಲಿಸುವಾಗಲೂ, ಕಾಲನ್ನು ಹಿಂದಕ್ಕೆ ಸೆಳೆದು ಚೆಂಡನ್ನು ಒದೆಯುವಾಗಲೂ ಕೆಲಸ ಮಾಡುವುದರಿಂದ, ದೈಹಿಕ ಕ್ಷಮತೆ ಬೇರೆ, ಕೌಶಲ ಬೇರೆ ಎಂಬ ವಿಭಜನೆ ಇಲ್ಲಿ ನಿಲ್ಲುವುದಿಲ್ಲ. ಸುಮಾರು 170 ಸೆಂಟಿಮೀಟರ್ ಎತ್ತರದ ಸುನಿಲ್ ಛೆಟ್ರಿ ಅವರು ಬೆಂಗಳೂರು ಎಫ್‌ಸಿ ಪರ ತಲೆಯಿಂದ ಹೊಡೆದ ಗೋಲುಗಳನ್ನು ಕಂಡವರಿಗೆ, ಎತ್ತರದ ಕೊರತೆಯನ್ನು ಸಕಾಲದ ಜಿಗಿತ ತುಂಬಬಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ.

ಗಾಯದ ಭೀತಿಗೆ ಹೆಚ್ಚಿನ ತೂಕವಿಲ್ಲ. ಗಾಯ ತಡೆಯಲೆಂದೇ ರೂಪಿಸಿದ ಫಿಫಾ 11+ ಪೂರ್ವಸಿದ್ಧತಾ ವ್ಯಾಯಾಮದಲ್ಲೇ ಜಿಗಿತಗಳಿವೆ. ಜಿಮ್ ಬೇಡ, ದುಬಾರಿ ಸಲಕರಣೆ ಬೇಡ. ಕೆಲವು ಕೋನ್‌ಗಳು, ತಗ್ಗಿನ ಹರ್ಡಲ್‌ಗಳು ಸಾಕು. ಬೆಂಗಳೂರಿನ ಗೌತಮಪುರದ ಮಕ್ಕಳಿಗೂ ಯುರೋಪಿನ ಅಕಾಡೆಮಿಯ ಮಕ್ಕಳಿಗೂ ಸಮಾನವಾಗಿ ಎಟುಕುವ ಇಂತಹ ವಿಧಾನವನ್ನು ತರಬೇತುದಾರರ ಇಚ್ಛೆಗೆ ಬಿಡುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ವಿರೋಧ: ಕಡ್ಡಾಯದ ಅಗತ್ಯವಿಲ್ಲ

ಈ ತರಬೇತಿಯನ್ನು ಎಲ್ಲ ಎಳೆಯರ ಮೇಲೂ ಹೇರುವುದಕ್ಕೆ ನಾಲ್ಕು ಆಕ್ಷೇಪಗಳಿವೆ.

ಮೊದಲನೆಯದಾಗಿ, ಹದಿಹರೆಯದಲ್ಲಿ ಮೂಳೆಗಳು ವೇಗವಾಗಿ ಬೆಳೆಯುವಾಗ ಮಂಡಿಚಿಪ್ಪಿನ ಕೆಳಗೆ ಸ್ನಾಯುರಜ್ಜು ಅಂಟಿಕೊಂಡ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಪದೇ ಪದೇ ಓಡಿ ಜಿಗಿದಾಗ ಅಲ್ಲಿ ನೋವು, ಊತ ಕಾಣಿಸಿಕೊಳ್ಳುವ ಆಸ್‌ಗುಡ್-ಶ್ಲಾಟರ್ ಎಂಬ ತೊಂದರೆ ಆಟವಾಡುವ ಮಕ್ಕಳಲ್ಲಿ ಸಾಮಾನ್ಯ. ಎರಡನೆಯದಾಗಿ, ತೀವ್ರ ಜಿಗಿತದ ಅಭ್ಯಾಸಗಳ ನಡುವೆ 48ರಿಂದ 72 ಗಂಟೆಗಳ ವಿಶ್ರಾಂತಿ ಬೇಕೆಂಬುದು ಅಂಗೀಕೃತ ನಿಯಮವಾಗಿರುವಾಗ, ಶಾಲೆ, ಕ್ಲಬ್ಬು, ಟೂರ್ನಿ ಎಂದು ವಾರವಿಡೀ ಆಡುವ ಮಕ್ಕಳಿಗೆ ಅಷ್ಟು ಬಿಡುವು ದೊರೆಯುವುದು ಕಷ್ಟ. ಮೂರನೆಯದಾಗಿ, ಬೇಸಿಗೆಯಲ್ಲಿ ಬಿರುಸಾಗುವ ಮಣ್ಣಿನ ಮೈದಾನವು ಹುಲ್ಲಿನ ನೆಲದಂತೆ ಆಘಾತವನ್ನು ಹೀರಿಕೊಳ್ಳುವುದಿಲ್ಲ. ನಾಲ್ಕನೆಯದಾಗಿ, ಚೆಂಡಿನ ಹಿಡಿತ, ಪಾಸಿನ ನಿಖರತೆ, ಸಹ ಆಟಗಾರರ ಚಲನೆಯನ್ನು ಮುಂಗಾಣುವ ದೃಷ್ಟಿ ಇವು ಚೆಂಡಿನೊಡನೆ ಕಳೆದ ಗಂಟೆಗಳಿಂದ ಬರುವಂಥವು. ಪೆಟ್ಟಿಗೆಯಿಂದ ಜಿಗಿದು ಅವನ್ನು ಕಲಿಯಲಾಗದು.

ನೆಲಕ್ಕಿಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಮೊದಲು ಕಲಿಸಿ, ಜಿಗಿತಗಳ ಸಂಖ್ಯೆಯನ್ನು ಮೆಲ್ಲನೆ ಏರಿಸಿ, ನೋವು ಕಂಡೊಡನೆ ನಿಲ್ಲಿಸಬಲ್ಲ ತರಬೇತುದಾರರಿರುವಲ್ಲಿ ಈ ಅಪಾಯಗಳಲ್ಲಿ ಹೆಚ್ಚಿನವು ತಗ್ಗುತ್ತವೆ ಎಂಬುದು ನಿಜ. ಮಂಡಿಯ ಅಸ್ಥಿರಜ್ಜುವಿನ ಗಾಯಕ್ಕೆ ಹುಡುಗರಿಗಿಂತ ಹೆಚ್ಚಾಗಿ ಈಡಾಗುವ ಆಟಗಾರ್ತಿಯರಿಗಂತೂ ಅಂತಹ ಶಿಕ್ಷಣ ಅಗತ್ಯವೇ ಹೌದು. ಆದರೆ ಅಂಥ ತರಬೇತುದಾರರನ್ನು ಮೊದಲು ಸಿದ್ಧಪಡಿಸದೆ ಹೊರಡಿಸುವ ನಿಯಮದ ಹೊರೆ ಮಕ್ಕಳ ಮಂಡಿಗಳ ಮೇಲೆ ಬೀಳುವುದರಿಂದ, ಕಡ್ಡಾಯವಾಗಬೇಕಾದದ್ದು ತರಬೇತುದಾರರ ಶಿಕ್ಷಣ. ಜಿಗಿತವು ಅದರ ಹಿಂದೆ ಬರಲಿ.