ಹತ್ತಿಕಾಳು ಹೊರಹೋಗಲಿ, ಹತ್ತಿಕಡ್ಡಿ ಇಲ್ಲಿಯೇ ಉಳಿಯಲಿ

ಹತ್ತಿಯೆಂದೊಡನೆ ನಮ್ಮ ವರ್ತಕರು ವಿಚಾರಿಸುವುದು ಅರಳೆಯ ದರವನ್ನು. ಆದರೆ ಬಿಡಿಸಿ ತಂದ ಹತ್ತಿಯ ತೂಕದಲ್ಲಿ ಅರಳೆಯ ಪಾಲು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಉಳಿದುದು ಬಹುಮಟ್ಟಿಗೆ ಕಾಳು. ಕಾಳಿನಿಂದ ಎಣ್ಣೆ, ಹಿಂಡಿಗಳಲ್ಲದೆ ಲಿಂಟರ್ ಎಂಬ ಗಿಡ್ಡ ನಾರೂ ದೊರೆಯುತ್ತದೆ. ವೈದ್ಯಕೀಯ ಹತ್ತಿ, ನೈಟ್ರೋಸೆಲ್ಯುಲೋಸ್, ಉತ್ತಮ ದರ್ಜೆಯ ಕಾಗದ ಮುಂತಾದ ಉದ್ಯಮಗಳಲ್ಲಿ ಇದಕ್ಕೆ ಬೇಡಿಕೆಯಿದೆ. ನಮ್ಮ ದೇಶದಲ್ಲಿ ಬಹುಪಾಲು ಕಾಳನ್ನು ನಾರು ತೆಗೆಯದೆಯೇ ಅರೆಯುವುದರಿಂದ ಈ ನಾರು ಹಿಂಡಿಯೊಡನೆ ದನದ ಬಾನಿ ಸೇರುತ್ತಿದೆ.

ಹಾಗಿದ್ದರೆ ಶಿಕಾರಿಪುರದಲ್ಲೊಂದು ಲಿಂಟರ್ ಘಟಕವೇಕಾಗಬಾರದು ಎಂಬ ಪ್ರಶ್ನೆ ಸಹಜ. ನನ್ನ ಅಭಿಪ್ರಾಯದಲ್ಲಿ ಆಗಬಾರದು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹತ್ತಿಯ ಹೊಲಗಳನ್ನು ಮೆಕ್ಕೆಜೋಳ ಆಕ್ರಮಿಸಿದೆ. ವರ್ಷವಿಡೀ ಯಂತ್ರ ನಡೆಸುವಷ್ಟು ಕಾಳು ಇಲ್ಲಿ ಸಿಗದು. ಕಾಳು ದೂರ ಸಾಗಬಲ್ಲ ಸರಕು. ಹತ್ತಿ ವಹಿವಾಟಿನ ರಾಣೆಬೆನ್ನೂರು ಸಮೀಪದಲ್ಲಿದೆ. 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾದ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲುಮಾರ್ಗ ಪೂರ್ಣಗೊಂಡರೆ ಸಾಗಣೆ ಇನ್ನೂ ಸುಲಭವಾದೀತು.

ದೂರ ಸಾಗಲಾರದ ಸರಕೆಂದರೆ ಹತ್ತಿಯ ಕಡ್ಡಿ. ಹೆಕ್ಟೇರಿಗೆ ಸುಮಾರು 2ರಿಂದ 3 ಟನ್ ದೊರೆಯುವ ಇದು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. ಲಾರಿಗೆ ಹೇರಿ ಕಳುಹಿಸಿದರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಆದುದರಿಂದ ಬೆಳೆದ ಊರಿನ ಬಳಿಯೇ ಅದನ್ನು ಕತ್ತರಿಸಿ ಒತ್ತಬೇಕು. ಕಡ್ಡಿಯಿಂದ ಪಾರ್ಟಿಕಲ್ ಬೋರ್ಡ್ ಹಾಗೂ ಇಂಧನ ಇಟ್ಟಿಗೆ ತಯಾರಿಸುವ ವಿಧಾನಗಳನ್ನು ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ರೂಪಿಸಿದೆ. ಬೋರ್ಡಿಗೆ ಬಂಡವಾಳ ಹೆಚ್ಚು. ನಮ್ಮ ಅಳತೆಗೆ ಇಂಧನ ಇಟ್ಟಿಗೆಯೇ ಸರಿ. ಗಿರಾಕಿಗಾಗಿ ದೂರ ಹೋಗಬೇಕಿಲ್ಲ. ಅಡಿಕೆ ಬೇಯಿಸಲು ಈ ಎರಡು ತಾಲ್ಲೂಕುಗಳಲ್ಲಿಯೇ ಪ್ರತಿವರ್ಷ ಸೌದೆ ಬೇಕು. ಇದಲ್ಲದೆ, ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನೊಡನೆ ಜೈವಿಕ ಇಂಧನವನ್ನೂ ಉರಿಸಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ನೀತಿ ಹೊರಡಿಸಿದೆ.

ರೈತನಿಗೆ ಇನ್ನೊಂದು ಲಾಭವೂ ಉಂಟು. ಹೊಲದಲ್ಲಿ ಉಳಿದ ಗಿಡ, ಒಡೆಯದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಮುಂದಿನ ಹಂಗಾಮಿನವರೆಗೆ ಅಡಗಿರುತ್ತದೆ. ಕಡ್ಡಿ ಬೇಗ ಹೊರಬಿದ್ದು ಪುಡಿಯಾದಷ್ಟೂ ಪೀಡೆ ಕಡಿಮೆ.

ತೊಡಕಿರುವುದು ಕೀಳುವ ಕೂಲಿಯಲ್ಲಿ. ಕೂಲಿಯೂ ಹುಟ್ಟದ ಬೆಲೆ ಹೇಳಿದರೆ ರೈತ ಬದುವಿನಲ್ಲಿಯೇ ಬೆಂಕಿ ಹಚ್ಚುತ್ತಾನೆ, ಅವನನ್ನು ದೂರುವಂತಿಲ್ಲ. ಕೊಯ್ಲಿಗೆ ಮುನ್ನವೇ ಶಿರಾಳಕೊಪ್ಪ ಮತ್ತು ಆನವಟ್ಟಿಗಳಲ್ಲಿ ಖರೀದಿ ದರವನ್ನು ಪ್ರಕಟಿಸುವ ವರ್ತಕರು ಮುಂದೆ ಬರಬೇಕು. ಹತ್ತಿಕಡ್ಡಿ ಮುಗಿದ ತಿಂಗಳುಗಳಲ್ಲಿ ಯಂತ್ರ ನಿಲ್ಲದಂತೆ ಮೆಕ್ಕೆಜೋಳದ ದಿಂಡನ್ನೂ ಅದೇ ಘಟಕ ಕೊಳ್ಳಬಹುದು. ಅದಕ್ಕಂತೂ ಇಲ್ಲಿ ಕೊರತೆಯಿಲ್ಲ.