ವಾರಿಯಿಂದ ಮರಳಿದವರು

ಆಷಾಢ ಏಕಾದಶಿ ಮುಗಿಯಿತು. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರು ದೂರವನ್ನು ಪಾಲಖಿಯೊಡನೆ ನಡೆದುಹೋದ ನಮ್ಮ ಹೋಟೆಲ್ ಬಂಧುಗಳು ಒಂದೇ ರಾತ್ರಿಯ ಬಸ್ಸಿನಲ್ಲಿ ಪುಣೆಗೆ ಮರಳಿ, ಬೆಳಗಾಗುತ್ತಲೇ ಕೆಲಸಕ್ಕೆ ನಿಂತಿದ್ದಾರೆ. ವಾರಿಯಲ್ಲಿ ಹಿರಿಯರು ಕಿರಿಯರೆನ್ನದೆ ಒಬ್ಬರು ಇನ್ನೊಬ್ಬರ ಕಾಲಿಗೆರಗುವರು. ಎಲ್ಲರಿಗೂ ಎಲ್ಲರೂ 'ಮಾವುಲಿ', ತಾಯಿ. ಇಲ್ಲಿಯೋ, 'ಏ ಮಾಣಿ, ಟೇಬಲ್ ಒರೆಸು!' ಅವರಿಗೆ ಹೇಗಾಗಿರಬೇಡ?

ನಾವು ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ, ಹೀಗೆ ಮರಳಿದ ಒಬ್ಬನನ್ನು ಅಂಗಾಲಿನ ಗುಳ್ಳೆ ಒಣಗುವ ಮುನ್ನವೇ ಬಡಿಸಲು ನಿಲ್ಲಿಸಿದೆವು. ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಮಾಲೀಕರಲ್ಲಿ ನಮ್ಮ ವಿನಂತಿ: ವಾರಿಗೆ ಹೋದವನ ಜಾಗದಲ್ಲಿ ಬೇರೊಬ್ಬನನ್ನು ಖಾಯಂ ಮಾಡಬೇಡಿರಿ. ಮೊದಲ ನಾಲ್ಕು ದಿನ ತರಕಾರಿ ಹೆಚ್ಚುವಂಥ, ಕುಳಿತು ಮಾಡುವ ಕೆಲಸ ಕೊಡಿರಿ. ರಾತ್ರಿ ಬಾಗಿಲು ಹಾಕಿದ ಮೇಲೆ ಅವನ ಹಾದಿಯ ಸುದ್ದಿಯನ್ನೊಮ್ಮೆ ಕೇಳಿರಿ.